ಹ್ಯೂಮ್ ಕೊನೆಗೆ ದೇವರನ್ನ ಒಪ್ಕೊಂಡನಾ?

ಪ್ರಶ್ನೆ: 18ನೇ ಶತಮಾನದ ಸ್ಕಾಟಿಷ್ ತತ್ವಜ್ಞಾನಿ ಡೇವಿಡ್ ಹ್ಯೂಮ್ ಪಕ್ಕಾ ನಾಸ್ತಿಕ ಅಂತ ಕ್ಲಾಸಲ್ಲಿ ಹೇಳಿದ್ರು. ಆದ್ರೆ ಅವನ 'ಡೈಲಾಗ್ಸ್ ಕನ್ಸರ್ನಿಂಗ್ ನ್ಯಾಚುರಲ್ ರಿಲಿಜನ್'ನಲ್ಲಿ ಅಷ್ಟೂ ಹೊತ್ತು ದೇವರ ಪರ ವಾದಗಳನ್ನ ಚಿಂದಿ ಮಾಡಿದ ಫೈಲೋ ಅನ್ನೋ ಪಾತ್ರ 12ನೇ ಭಾಗಕ್ಕೆ ಬಂದು ಪ್ಲೇಟ್ ಬದಲಾಯಿಸ್ತಾನೆ. ಇದು ಚರ್ಚಿಗೆ ಹೆದರಿ ಬರೆದಿದ್ದಾ, ನಿಜವಾಗ್ಲೂ ನಂಬಿ ಬರೆದಿದ್ದಾ?
— ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಹೆದರೋಕೆ ಕಾರಣ ಇತ್ತು. ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಎಡಿನ್‌ಬರೋದಲ್ಲಿ. ಅದೇ ಊರಲ್ಲಿ 1697ರಲ್ಲಿ ಥಾಮಸ್ ಐಕನ್‌ಹೆಡ್ ಅನ್ನೋ ಸ್ಟೂಡೆಂಟ್‌ನ ಧರ್ಮನಿಂದನೆ ಕೇಸಲ್ಲಿ ಗಲ್ಲಿಗೆ ಹಾಕಿದ್ರು, ಇನ್ನೂ ಇಪ್ಪತ್ತರ ಹುಡುಗ. ಹ್ಯೂಮ್ ಕಾಲಕ್ಕೆ ಗಲ್ಲಿನ ಭಯ ಹೋಗಿತ್ತು ಅನ್ನಿ, ಆದ್ರೂ 1745ರಲ್ಲಿ ಎಡಿನ್‌ಬರೋ ಯೂನಿವರ್ಸಿಟಿ ಪ್ರೊಫೆಸರ್ ಹುದ್ದೆ ತಪ್ಪೋಯ್ತು, ಆಮೇಲೆ ಗ್ಲಾಸ್ಗೋದಲ್ಲೂ ಅದೇ ಕಥೆ.

ಆದ್ರೆ ಈ 12ನೇ ಭಾಗಕ್ಕೆ ಹೆದರಿಕೆಯ ಕಾರಣ ಕೊಡೋದನ್ನ ನಾನು ಒಪ್ಪಲ್ಲ. ಯಾಕಂದ್ರೆ ಆ ಪುಸ್ತಕ ಬಂದಿದ್ದೇ 1779ರಲ್ಲಿ, ಅವನು ತೀರಿಕೊಂಡು ಮೂರು ವರ್ಷ ಆದ್ಮೇಲೆ. ಹಸ್ತಪ್ರತಿನ ಎರಡು ದಶಕಕ್ಕೂ ಹೆಚ್ಚು ಕಾಲ ಇಟ್ಕೊಂಡು, ಸಾಯೋ ವರ್ಷ ಮತ್ತೆ ತಿದ್ದಿ, ಆಪ್ತ ಸ್ನೇಹಿತ ಆಡಮ್ ಸ್ಮಿತ್ ಪ್ರಕಟಿಸೋಕೆ ಹಿಂಜರಿದಾಗ ಉಯಿಲಲ್ಲಿ ಬೇರೆ ವ್ಯವಸ್ಥೆ ಮಾಡಿ ಹೋಗಿದ್ದ, ಕೊನೆಗೆ ಅಚ್ಚು ಹಾಕಿಸಿದ್ದು ಅಣ್ಣನ ಮಗ. ಸತ್ತ ಮೇಲೆ ಬರೋ ಪುಸ್ತಕದಲ್ಲಿ ಯಾರಿಗೆ ಹೆದರಬೇಕು? ಹಂಗಾಗಿ ಅಲ್ಲಿರೋದನ್ನ ಬೇಕಂತಲೇ ಬರೆದಿದಾನೆ ಅಂತಾನೇ ಓದಬೇಕು.

ಈಗ ಫೈಲೋ ಒಪ್ಕೊಳ್ಳೋದು ಎಷ್ಟು ಅಂತ ನೋಡಿ. ಜಗತ್ತಲ್ಲಿರೋ ವ್ಯವಸ್ಥೆಗೆ ಕಾರಣ ಅಥವಾ ಕಾರಣಗಳು (ಒಂದೇ ಅಂತಾನೂ ಹೇಳಲ್ಲ, ಗಮನಿಸಿ) ಏನಿದೆಯೋ ಅದಕ್ಕೂ ಮನುಷ್ಯನ ಬುದ್ಧಿಗೂ ಎಲ್ಲೋ ದೂರದ ಹೋಲಿಕೆ ಇರಬಹುದು. ಇಷ್ಟೇ. ಆ ಕಾರಣ ಒಳ್ಳೇದಾ, ಪ್ರಾರ್ಥನೆ ಕೇಳಿಸ್ಕೊಳ್ಳುತ್ತಾ, ನಾವು ಹೆಂಗೆ ಬದುಕಬೇಕು ಅಂತ ಹೇಳುತ್ತಾ, ಒಂದಕ್ಕೂ ಉತ್ತರ ಇಲ್ಲ. ಇನ್ನೂ ಮುಂದೆ ಹೋಗಿ, ಕೊಳೀತಿರೋ ಟರ್ನಿಪ್ ಗಡ್ಡೆ, ಪ್ರಾಣಿ ಮರಿ ಹಾಕೋದು, ಮನುಷ್ಯನ ಯೋಚನೆ, ಇವುಗಳಲ್ಲೂ ಪರಸ್ಪರ ಏನೋ ಒಂದು ದೂರದ ಹೋಲಿಕೆ ಇಲ್ವಾ ಅಂತ ನಾಸ್ತಿಕನ್ನ ಕೇಳ್ತಾನೆ, ಅವನೂ ಹೂಂ ಅಂತಾನೆ. ಗಡ್ಡೆ ಕೊಳೆಯೋದಕ್ಕೂ ಅನ್ವಯ ಆಗೋ ಹೋಲಿಕೆಯಿಂದ ಯಾವ ಗುಡಿ ಕಟ್ಟೋಕಾಗುತ್ತೆ, ಯಾವ ಚರ್ಚು ನಿಲ್ಲುತ್ತೆ ಹೇಳಿ.

7ನೇ ಭಾಗವನ್ನ ನೀವು ಇನ್ನೊಂದ್ಸಲ ಓದಲೇಬೇಕು, ನಂಗೆ ತುಂಬಾ ಇಷ್ಟ. ಜೇಡ ತನ್ನ ಹೊಟ್ಟೆಯಿಂದ ನೂಲು ತೆಗೆದು ಜಗತ್ತನ್ನ ನೇಯ್ದು ಆಮೇಲೆ ತಾನೇ ಒಳಗೆಳ್ಕೊಳ್ಳುತ್ತೆ ಅಂತ ಬ್ರಾಹ್ಮಣರು ಹೇಳ್ತಾರೆ ಅಂತ ಅಲ್ಲಿ ಬರುತ್ತೆ. ಮುಂಡಕ ಉಪನಿಷತ್ತಿನ ಊರ್ಣನಾಭಿ ಗೊತ್ತಿರೋರಿಗೆ ತಕ್ಷಣ ಹೊಳೆಯುತ್ತೆ, ಹ್ಯೂಮ್‌ಗೆ ಸಿಕ್ಕಿದ್ದು ಮಾತ್ರ ಕೈಯಿಂದ ಕೈಗೆ ದಾಟಿ ಬಂದ ಸುದ್ದಿ. ಅವನು ಅದನ್ನ ಆಡ್ಕೊಳ್ಳೋಕೆ ಅಂತ ತರಲ್ಲ. ಬರೀ ಜೇಡಗಳೇ ಇರೋ ಗ್ರಹ ಒಂದಿದ್ರೆ ಅಲ್ಲಿ ಇದೇ ಸಹಜವಾದ ವಾದ ಆಗಿರೋದು, ಮೆದುಳಿಂದ ವ್ಯವಸ್ಥೆ ಹುಟ್ಟುತ್ತೆ ಅನ್ನೋದಾದ್ರೆ ಹೊಟ್ಟೆಯಿಂದ ಯಾಕೆ ಹುಟ್ಟಬಾರದು ಅಂತ ಕೇಳ್ತಾನೆ. ನಾವು ಮನೆ ಕಟ್ಟೋದನ್ನ ಕಂಡಿದೀವಿ, ಜಗತ್ತು ಕಟ್ಟೋದನ್ನ ಯಾರೂ ಕಂಡಿಲ್ಲ. ಅನುಭವಕ್ಕೆ ಸಿಕ್ಕಿದ್ದನ್ನ ಮಾತ್ರ ಜ್ಞಾನ ಅನ್ನೋ ಅನುಭವವಾದಿಗೆ ಇಲ್ಲೇ ಬ್ರೇಕ್ ಬೀಳುತ್ತೆ, ದೇವರಿದಾನೆ ಅನ್ನೋಕೂ, ಇಲ್ಲವೇ ಇಲ್ಲ ಅಂತ ಗ್ಯಾರಂಟಿ ಕೊಡೋಕೂ.

ಹಂಗಂತ ಅವನನ್ನ ಭಕ್ತ ಅಂತ ತಿಳ್ಕೋಬೇಡಿ. 1776ರ ಜುಲೈನಲ್ಲಿ ಲೇಖಕ ಜೇಮ್ಸ್ ಬಾಸ್ವೆಲ್ ಅವನನ್ನ ನೋಡೋಕೆ ಹೋದಾಗ, ತತ್ವಜ್ಞಾನಿಗಳಾದ ಲಾಕ್ ಮತ್ತು ಕ್ಲಾರ್ಕ್‌ನ ಓದೋಕೆ ಶುರು ಮಾಡಿದಾಗಿಂದ ಧರ್ಮದಲ್ಲಿ ನಂಬಿಕೆ ಉಳಿದಿಲ್ಲ ಅಂತ ಹ್ಯೂಮ್ ನೇರವಾಗೇ ಹೇಳಿದ, ಮುಂದಿನ ತಿಂಗಳೇ ತೀರ್ಕೊಂಡ. ಧರ್ಮ ಬಿಟ್ಟವನು ಅನ್ನೋದು ನಿಜ, ದೇವರಿಲ್ಲ ಅಂತ ಸಾಧಿಸೋಕೆ ಹೊರಟವನು ಅನ್ನೋದು ನಿಜ ಅಲ್ಲ. ಪರೀಕ್ಷೇಲಿ ಈ ಎರಡನ್ನೂ ಬೇರೆ ಮಾಡಿ ಬರೀರಿ.

ಪ್ರಶ್ನೆ: ಪವಾಡ ನಡೆಯೋದು ಅಸಾಧ್ಯ ಅಂತ ಹ್ಯೂಮ್ ಮೊದಲೇ ತೀರ್ಮಾನ ಮಾಡ್ಕೊಂಡು ವಾದ ಮಾಡ್ತಾನಲ್ವಾ?
— ಓದುಗರು, ಶಿವಮೊಗ್ಗ

ಉತ್ತರ: ತುಂಬಾ ಜನ ಹಂಗೇ ಓದ್ತಾರೆ, 1748ರಲ್ಲಿ ಅಚ್ಚಾದ, ಪವಾಡಗಳ ಬಗ್ಗೆ ಹ್ಯೂಮ್ ಬರೆದ ಅಧ್ಯಾಯದಲ್ಲಿ ಅವನೇ ಕೊಡೋ ಎರಡು ಉದಾಹರಣೆ ಬಿಟ್ಟುಬಿಡ್ತಾರೆ. 1600ರ ಜನವರಿ 1ರಿಂದ ಎಂಟು ದಿನ ಭೂಮಿ ಪೂರ್ತಿ ಕತ್ತಲಾಗಿತ್ತು ಅಂತ ಎಲ್ಲ ಭಾಷೆಯ ಲೇಖಕರೂ ಬರೆದಿದ್ರೆ, ದೂರದೇಶದಿಂದ ಬಂದ ಪ್ರಯಾಣಿಕರೂ ಚೂರೂ ವ್ಯತ್ಯಾಸ ಇಲ್ದೆ ಅದನ್ನೇ ಹೇಳಿದ್ರೆ, ಅದನ್ನ ನಂಬಿ ಕಾರಣ ಹುಡುಕಬೇಕು ಅಂತಾನೆ. ಅದೇ ದಿನ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಸತ್ತು, ಒಂದು ತಿಂಗಳಾದ್ಮೇಲೆ ಎದ್ದು ಬಂದು ಮತ್ತೆ ಮೂರು ವರ್ಷ ಆಳಿದ್ಲು ಅಂತ ಇತಿಹಾಸಕಾರರೆಲ್ಲ ಬರೆದ್ರೆ ನಂಬಲ್ಲ, ಸತ್ತ ಹಾಗೆ ನಾಟಕ ಆಡಿದ್ದಾರೆ ಅಂತೀನಿ ಅಂತಾನೆ. ಅವನು ಕೇಳೋದು ಇದನ್ನ: ಘಟನೆ ನಡೆದಿರೋದು ಹೆಚ್ಚು ಸಂಭವವಾ, ಹೇಳಿದೋರು ಮೋಸ ಹೋಗಿರೋದು ಇಲ್ಲಾ ಮೋಸ ಮಾಡಿರೋದು ಹೆಚ್ಚು ಸಂಭವವಾ? ಧರ್ಮದ ಪವಾಡ ಅಂತ ಬಂದಾಗ ಅವನು ಇನ್ನೂ ಬಿಗಿ ಆಗ್ತಾನೆ, ಅಲ್ಲಿ ಜನ ಹಿಂದೆ ಎಷ್ಟು ಸಲ ಮೋಸ ಹೋಗಿದಾರೆ ಅನ್ನೋದನ್ನೂ ತೂಕಕ್ಕೆ ಹಾಕ್ತಾನೆ.