ತಲೆಗೆ ಏಟು ಬಿದ್ದು ವರ್ಷದ ಮೇಲೆ ಫಿಟ್ಸ್ ಯಾಕೆ?

ಅಣ್ಣಾ, ನಿಮ್ಮ ತಮ್ಮ ಹರಿಹರ ರಸ್ತೆಯಲ್ಲಿ ಬೈಕಿಂದ ಬಿದ್ದು, ಒಂದು ವರ್ಷ ಚೆನ್ನಾಗಿದ್ದು, ಈಗ ಫಿಟ್ಸ್ ಯಾಕೆ ಅಂತ ಕೇಳಿದ್ದೀರಿ. ಆ ವರ್ಷ ಮೆದುಳು ಸುಮ್ನೆ ಇರಲಿಲ್ಲ. ಪೆಟ್ಟಾದಾಗ ಬಿಡಿಎನ್‌ಎಫ್ ಅನ್ನೋ ಬೆಳವಣಿಗೆಯ ಪ್ರೋಟೀನ್ ಜಾಸ್ತಿಯಾಗಬಹುದು. ಅದು ನರಕೋಶ ಉಳಿಸಲು ನೆರವಾಗುತ್ತದೆ, ಆದರೆ ಟ್ರ್ಯಾಕ್-ಬಿ ಅನ್ನೋ ಗ್ರಾಹಕದ (ಕೋಶದ ಮೇಲೆ ಕೂತು ಅದರ ಸಂಕೇತ ಹಿಡಿಯುವ ಪ್ರೋಟೀನ್) ಮೂಲಕ ಕೋಶಗಳ ನಡುವಿನ ಸಂಪರ್ಕವನ್ನೂ ಬಿಗಿ ಮಾಡುತ್ತದೆ. ಮೆದುಳಲ್ಲಿ ನೆನಪು ನೋಡಿಕೊಳ್ಳುವ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ನರದ ಎಳೆಗಳು ಹೊಸದಾಗಿ ಚಿಗುರಿ ತಮ್ಮದೇ ಸಾಲಿನ ಕೋಶಗಳಿಗೆ ವಾಪಸ್ ಕೂಡಿಕೊಳ್ಳುವುದೂ ಉಂಟು, ಆಗ ಸಣ್ಣ ಕಿಡಿಯೊಂದು ಸುತ್ತಿ ಸುತ್ತಿ ದೊಡ್ಡದಾಗಬಹುದು, ಅಲ್ವಾ? ಮೆದುಳಿನಲ್ಲಿ ಟ್ರ್ಯಾಕ್-ಬಿ ತೆಗೆದ ಇಲಿಗಳಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ಟರೂ ಮೂರ್ಛೆ ರೋಗ ಬೇರೂರಲಿಲ್ಲ ಅಂತ 2004ರಲ್ಲೇ ತೋರಿಸಿದ್ದಾರೆ. ಈಗಿನ ಮಾತ್ರೆಗಳು ಫಿಟ್ಸ್ ತಡೆಯುತ್ತವೆ, ಈ ಜೋಡಣೆಯನ್ನು ಬದಲಿಸುವುದಿಲ್ಲ. ಅದಕ್ಕೇ ದಾವಣಗೆರೆಯ ನಿಮ್ಮ ನರರೋಗ ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಿಸಬೇಡಿ.