ಎಲ್ಲರ ನೀರು, ಯಾರ ಬಿಲ್ಲು?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ಹತ್ತು ಜನ ಸೇರಿ ಬಳಸುವ ವಸ್ತುವಿಗೆ ಖರ್ಚು ಯಾರು ಕೊಡಬೇಕು, ಹಾಳಾದರೆ ಯಾರನ್ನು ಕೇಳಬೇಕು. ಮುಂಬೈಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಈಗ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಖಜಾಂಚಿ. ಹಾಗಾಗಿ ಈ ತಕರಾರು ಪಾಠದಲ್ಲೂ ಗೊತ್ತು, ಮೀಟಿಂಗಿನಲ್ಲೂ ಗೊತ್ತು.

ಪ್ರಶ್ನೆ: ಮೇಡಂ, ನಮ್ಮದು 64 ಫ್ಲ್ಯಾಟಿನ ಸೊಸೈಟಿ. ಮೇ ತಿಂಗಳಲ್ಲಿ ಬೋರ್ ಬತ್ತುತ್ತದೆ. ದಿನಕ್ಕೆ ಹತ್ತು ಸಾವಿರ ಲೀಟರಿನ ಆರು ಟ್ಯಾಂಕರ್ ತರಿಸುತ್ತೇವೆ. ಬಿಲ್ಲು ಎಲ್ಲರಿಗೂ ಸಮಪಾಲು. ನಾವು ಗಂಡ ಹೆಂಡತಿ ಇಬ್ಬರೇ. ಎದುರು ಮನೆಯವರು ಪೈಪ್ ಹಿಡಿದು ಕಾರು ತೊಳೆಯುತ್ತಾರೆ. ಕಮಿಟಿಯವರು ಅಂಥವರಿಗೆ 500 ರೂಪಾಯಿ ದಂಡ ಹಾಕೋಣ ಅನ್ನುತ್ತಿದ್ದಾರೆ. ಇದರಿಂದ ಸರಿಹೋಗುತ್ತದಾ?
— ವಾಘೋಲಿ, ಪುಣೆ

ಉತ್ತರ: ಮೊದಲು ಒಂದು ಲೆಕ್ಕ ಹಾಕಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ನಮ್ಮ ಸರ್ಕಾರಿ ಮಾನದಂಡ. 64 ಮನೆ, ಮನೆಗೆ ನಾಲ್ಕು ಜನ ಎಂದಿಟ್ಟುಕೊಂಡರೂ ದಿನಕ್ಕೆ 34,560 ಲೀಟರ್ ಸಾಕು. ಅಂದರೆ ಮೂರೂವರೆ ಟ್ಯಾಂಕರ್. ನೀವು ಆರು ತರಿಸುತ್ತಿದ್ದೀರಿ. ಉಳಿದ 25 ಸಾವಿರ ಲೀಟರ್ ಎಲ್ಲಿ ಹೋಯಿತು ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ಒಂದು ಕಾರು ಅಷ್ಟು ನೀರು ಕುಡಿಯುವುದಿಲ್ಲ.

ಎದುರು ಮನೆಯವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಬಿಲ್ಲು ಹಂಚುವ ರೀತಿಯೇ ಅವರಿಗೆ ಹಾಗೆ ಕಲಿಸಿದೆ. ಒಂದು ಮನೆ 64 ರೂಪಾಯಿಯ ನೀರು ಚೆಲ್ಲಿದರೆ ಅದರ ಪಾಲಿಗೆ ಬೀಳುವುದು ಒಂದೇ ರೂಪಾಯಿ. ಬಾಕಿ 63 ಉಳಿದವರ ಜೇಬಿನಿಂದ ಹೋಗುತ್ತದೆ. ನೀವು ಬಕೆಟ್‌ನಲ್ಲಿ ಸ್ನಾನ ಮಾಡಿ 64 ರೂಪಾಯಿ ಉಳಿಸಿದರೂ ಅಷ್ಟೇ, ನಿಮಗೆ ಸಿಗುವುದು ಒಂದು ರೂಪಾಯಿ. ಹೀಗಿರುವಾಗ ಜನ ನಲ್ಲಿ ತಿರುಗಿಸುವ ಮುಂಚೆ ಯಾಕೆ ಯೋಚಿಸುತ್ತಾರೆ? ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ಸೊಸೈಟಿ ನಡೆಸುವ ನಿಯಮಾವಳಿ) ಪ್ರಕಾರ ನೀರಿನ ಖರ್ಚನ್ನು ಹಂಚಬೇಕಾದ್ದು ಪ್ರತಿ ಫ್ಲ್ಯಾಟಿನ ನಲ್ಲಿಗಳ ಸಂಖ್ಯೆ ಮತ್ತು ಗಾತ್ರದ ಮೇಲೆ. ಅದರಲ್ಲೂ ಎಣಿಸುವುದು ನಲ್ಲಿಯನ್ನು. ನೀರನ್ನು ಯಾರೂ ಅಳೆಯುವುದಿಲ್ಲ.

ಈಗ ದಂಡದ ವಿಷಯ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ಗ್ನೀಝಿ ಮತ್ತು ರುಸ್ಟಿಚೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. 2000ರಲ್ಲಿ ಅದು ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಂದಿರಿಗೆ ಕೆಲವು ಕೇಂದ್ರಗಳು ಸಣ್ಣ ದಂಡ ಹಾಕಿದವು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ಮೊದಲು ಟೀಚರನ್ನು ಕಾಯಿಸುತ್ತೇವಲ್ಲ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ದುಡ್ಡು ಕೊಟ್ಟಾಯಿತಲ್ಲ ಅನ್ನಿಸಿತು. ಆಮೇಲೆ ದಂಡ ತೆಗೆದರೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ನಿಮ್ಮ 500 ರೂಪಾಯಿಗೂ ಇದೇ ಗತಿ ಆಗಬಹುದು. ಕಾರಿಗೆ ಲಕ್ಷಗಟ್ಟಲೆ ಕೊಟ್ಟವರಿಗೆ 500 ದೊಡ್ಡದಲ್ಲ. ಕೊಟ್ಟು ಇನ್ನೂ ನಿಶ್ಚಿಂತೆಯಿಂದ ತೊಳೆಯುತ್ತಾರೆ.

ಹಾಗಾದರೆ ಏನು ಮಾಡುವುದು? ಮೊದಲು ಸೋರಿಕೆ ಹುಡುಕಿ. ರಾತ್ರಿ ಮಲಗುವ ಮುಂಚೆ ಪ್ರತಿ ಮನೆಯವರೂ ಫ್ಲಶ್ ಟ್ಯಾಂಕಿಗೆ ಒಂದು ಚಮಚ ಅರಿಶಿನ ಕಲಸಿದ ನೀರು ಹಾಕಲಿ, ಫ್ಲಶ್ ಮಾಡದೆ ಬಿಡಲಿ. ಬೆಳಿಗ್ಗೆ ಕೆಳಗಿನ ಕಮೋಡ್ ಹಳದಿಯಾಗಿದ್ದರೆ ವಾಷರ್ ಹೋಗಿದೆ ಎಂದರ್ಥ. ಇಂಥ ಸೋರಿಕೆಗೆ ಸದ್ದಿಲ್ಲ, ಹಗಲು ರಾತ್ರಿ ಹರಿಯುತ್ತಲೇ ಇರುತ್ತದೆ. ನಮ್ಮ ಸೊಸೈಟಿಯಲ್ಲಿ ಇದನ್ನು ಒಂದು ಭಾನುವಾರ ಇಡೀ ಕಟ್ಟಡಕ್ಕೆ ಮಾಡಿಸಿದೆವು. ಪ್ಲಂಬರನ್ನು ಅದೇ ದಿನ ಕರೆಸಿ, ವಾಷರಿನ ಖರ್ಚನ್ನು ಸೊಸೈಟಿಯಿಂದಲೇ ಕೊಟ್ಟೆವು. ಯಾರ ಮನೆಯಲ್ಲಿ ಸೋರುತ್ತಿತ್ತು ಎಂದು ಬೋರ್ಡಿನಲ್ಲಿ ಬರೆಯಲಿಲ್ಲ. ಆಗಲೇ ಜನ ಬಾಗಿಲು ತೆರೆಯುತ್ತಾರೆ.

ಆಮೇಲೆ ಮೀಟರ್. ಕಟ್ಟಡ ಹಳೆಯದಾದರೆ ಅಡುಗೆಮನೆಗೆ ಒಂದು ಪೈಪು, ಬಚ್ಚಲಿಗೆ ಇನ್ನೊಂದು, ಟಾಯ್ಲೆಟ್ಟಿಗೆ ಮತ್ತೊಂದು ಇಳಿದಿರುತ್ತದೆ. ಒಂದು ಮನೆಗೆ ಮೂರು ನಾಲ್ಕು ಮೀಟರ್ ಬೇಕಾಗುತ್ತದೆ. ಖರ್ಚು ಜಾಸ್ತಿ ಅನ್ನಿಸಿದರೆ ಮೊದಲು ವಿಂಗಿಗೊಂದು ಮೀಟರ್ ಹಾಕಿ, ಅದರ ಅಂಕಿಯನ್ನು ದಿನಾ ಲಿಫ್ಟಿನ ಪಕ್ಕ ಬರೆದು ಹಾಕಿ. 64 ಮನೆಗಳ ನಡುವೆ ತಪ್ಪಿಸಿಕೊಳ್ಳುವುದು ಸುಲಭ, ವಿಂಗಿಗೆ 16 ಮನೆ ಎಂದಿಟ್ಟುಕೊಂಡರೆ ಅಷ್ಟರ ನಡುವೆ ಕಷ್ಟ.

ದರ ಹೇಗಿರಬೇಕು ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿ ಇದೆ. 1972ರ ಬರದ ನಂತರ ಪುರಂದರ ತಾಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಕೆ ಎಂಬ ಎಂಜಿನಿಯರ್ ಪಾಣಿ ಪಂಚಾಯತ್ ಎಂಬ ನೀರು ಹಂಚಿಕೆಯ ಕೆಲಸ ಶುರು ಮಾಡಿದರು. ನೀರಿನ ಪಾಲು ಹೊಲದ ಅಳತೆಯ ಮೇಲಲ್ಲ, ಮನೆಯಲ್ಲಿರುವ ತಲೆಗಳ ಮೇಲೆ. ತಲೆಗೆ ಅರ್ಧ ಎಕರೆಗೆ ಬೇಕಾಗುವಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿ ಇಲ್ಲದವರಿಗೂ ಪಾಲು ಉಂಟು. ಕಬ್ಬು ಬೆಳೆಯುವಂತಿಲ್ಲ. ಇಂಥ ನಿಯಮಕ್ಕೆ ಬರದ ಊರಿನ ರೈತರು ಒಪ್ಪಿದರು ಎಂಬುದು ನನಗೆ ಇವತ್ತಿಗೂ ದೊಡ್ಡ ವಿಷಯ ಅನ್ನಿಸುತ್ತದೆ. ನೀವೂ ತಲೆಗೆ 135 ಲೀಟರಿನವರೆಗೆ ಒಂದು ದರ, ಅದರ ಮೇಲೆ ಎರಡು ಪಟ್ಟು ದರ ಇಡಿ. ನಿಮ್ಮಂಥ ಇಬ್ಬರ ಮನೆಗೆ ನ್ಯಾಯ ಸಿಗುತ್ತದೆ, ಎಂಟು ಜನರ ಮನೆಗೂ ಅನ್ಯಾಯ ಆಗುವುದಿಲ್ಲ. ಇದನ್ನು ಕಮಿಟಿ ಹೇರಬಾರದು. ಜನರಲ್ ಬಾಡಿಯಲ್ಲಿ ಎಲ್ಲರೂ ಮಾತಾಡಿ ಠರಾವು ಮಾಡಲಿ.

ಪ್ರಶ್ನೆ: ನಮ್ಮದು ಗ್ರೌಂಡ್ ಫ್ಲೋರ್. ಲಿಫ್ಟ್ ಮುಟ್ಟುವುದೇ ಇಲ್ಲ. ಆದರೂ ಲಿಫ್ಟಿನ ಖರ್ಚು ಕೊಡಬೇಕಾ?
— ಮುಲುಂಡ್

ಉತ್ತರ: ಕೊಡಬೇಕು. ಮಾದರಿ ಬೈಲಾ ಪ್ರಕಾರ ಲಿಫ್ಟ್ ಇರುವ ಕಟ್ಟಡದ ಎಲ್ಲ ಸದಸ್ಯರಿಗೂ ಅದು ಸಮಪಾಲು. ಏಳನೇ ಮಹಡಿಯವರೂ ನಿಮ್ಮ ಬಾಗಿಲ ಮುಂದಿನ ಚರಂಡಿಯ ರಿಪೇರಿಗೆ ಪಾಲು ಕೊಡುತ್ತಾರೆ, ಅಲ್ವಾ?

ಪ್ರಶ್ನೆ: ನೀರು ಟ್ಯಾಂಕರಿನದು, ವಾಚ್‌ಮನ್ ಸೊಸೈಟಿಯವನು, ಮಕ್ಕಳ ಶಾಲೆ ಪ್ರೈವೇಟ್, ಆಸ್ಪತ್ರೆಗೂ ಇನ್ಶೂರೆನ್ಸ್ ಇದೆ. ನಗರಪಾಲಿಕೆಯಿಂದ ನಾನು ಪಡೆಯುವುದು ಏನೂ ಇಲ್ಲ. ಪ್ರಾಪರ್ಟಿ ಟ್ಯಾಕ್ಸ್ ಯಾಕೆ ಕೊಡಬೇಕು?
— ಅಂಧೇರಿ ಪೂರ್ವ

ಉತ್ತರ: ನೀವು ಪಟ್ಟಿ ಮಾಡಿದ್ದೆಲ್ಲ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವಂಥವು. ದುಡ್ಡು ಕೊಡದವರನ್ನು ಹೊರಗಿಡಲು ಆಗದ ವಸ್ತುಗಳು ನಿಮ್ಮ ಪಟ್ಟಿಯಲ್ಲಿ ಇಲ್ಲ. ಬೀದಿದೀಪ ನಿಮಗೆ ಬೆಳಕು ಕೊಟ್ಟರೆ ನನಗೆ ಕಡಿಮೆಯಾಗುವುದಿಲ್ಲ. ತೆರಿಗೆ ಕಟ್ಟದವರು ಬಂದಾಗ ಅದು ಆರುವುದೂ ಇಲ್ಲ. ಇಂಥವನ್ನು ಅಂಗಡಿಯವರು ಮಾರಲಾರರು, ಯಾರೂ ತಾವಾಗಿ ದುಡ್ಡು ಕೊಡುವುದಿಲ್ಲವಲ್ಲ. 1954ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ಗಣಿತದಲ್ಲಿ ಬರೆದು ತೋರಿಸಿದರು. ಮುಂಬೈಗೆ ಅದು 2005ರ ಜುಲೈ 26ರಂದು ಅರ್ಥವಾಯಿತು.

ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮುಂಬೈಯ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆ ತಾಳುವಂತೆ ಕಟ್ಟಿದಂಥವು, ಅದೂ ಸಮುದ್ರ ಇಳಿದಿರುವಾಗ. ಅದನ್ನು 50ಕ್ಕೆ ಏರಿಸಬೇಕು ಎಂಬ ವರದಿ 1993ರಲ್ಲೇ ಬಂದಿತ್ತು. ಹನ್ನೆರಡು ವರ್ಷ ಕಳೆದರೂ ಹೆಚ್ಚಿನ ಕೆಲಸ ಆಗಿರಲಿಲ್ಲ. ಆ ರಾತ್ರಿ ನಾವು ಕಾಲೇಜಿನಲ್ಲೇ ಮಕ್ಕಳ ಜೊತೆ ಉಳಿದೆವು. ಪಕ್ಕದ ಚಾಳಿನ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಖಿಚಡಿ ಮಾಡಿ ತಂದುಕೊಟ್ಟರು. ಮಿಠಿ ನದಿ ಉಕ್ಕಿದಾಗ ಪ್ರೈವೇಟ್ ವಾಚ್‌ಮನ್ ಇದ್ದ ಕಟ್ಟಡ ಯಾವುದು, ಇಲ್ಲದ ಕಟ್ಟಡ ಯಾವುದು ಎಂದು ನೀರು ನೋಡಲಿಲ್ಲ. ಒಂದು ಮನೆಗೆ ಮಾತ್ರ ಚರಂಡಿ ಕೊಂಡುಕೊಳ್ಳಲು ಎಷ್ಟು ದುಡ್ಡಿದ್ದರೂ ಆಗದು.

ಡೆಂಗ್ಯೂ ಸೊಳ್ಳೆಯೂ ಹಾಗೇ. ಪಕ್ಕದ ಗಲ್ಲಿಯ ಹಳೇ ಟೈರಿನಲ್ಲಿ ಹುಟ್ಟಿ ನಿಮ್ಮ ನಾಲ್ಕನೇ ಮಹಡಿಗೆ ಬರುತ್ತದೆ. ತೆರಿಗೆ ಕೊಡಿ, ಕೊಟ್ಟ ಮೇಲೆ ಸುಮ್ನೆ ಕೂರಬೇಡಿ. ಮೇ ತಿಂಗಳಲ್ಲೇ ನಿಮ್ಮ ವಾರ್ಡ್ ಆಫೀಸಿಗೆ ಹೋಗಿ, ನಮ್ಮ ಬೀದಿಯ ಚರಂಡಿಯ ಹೂಳು ಯಾವಾಗ ತೆಗೆಯುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ. ಹಾಗೆ ಕೇಳುವವರು ಕಡಿಮೆ ಎಂಬುದೇ ನನ್ನ ಸಂಕಟ.

ಪ್ರಶ್ನೆ: ಅಕ್ಕಾ, ವಾಸ್ಕೋದಲ್ಲಿ ನಮ್ಮದು ಸಣ್ಣ ಖಾನಾವಳಿ. ಮೀನೂಟ ಇದ್ದರೇನೇ ವ್ಯಾಪಾರ. ಜೂನ್, ಜುಲೈ ಎರಡು ತಿಂಗಳು ಟ್ರಾಲರ್ ಬಂದ್. ಬಂಗುಡೆ ಮುಟ್ಟಿದರೆ ಸುಡುತ್ತದೆ. ಸಮುದ್ರ ಎಲ್ಲರದ್ದು ಅಂತಾರೆ, ಮತ್ತೆ ಸರ್ಕಾರ ತಡೆಯುವುದು ಯಾಕೆ?
— ವಾಸ್ಕೋ, ಗೋವಾ

ಉತ್ತರ: ಎಲ್ಲರದ್ದು ಆದ್ದರಿಂದಲೇ, ತಮ್ಮಾ. ನೀರಿನಲ್ಲಿರುವ ಮೀನು ಮೊದಲು ಹಿಡಿದವರದ್ದು. ನಾನು ಇವತ್ತು ಬಿಟ್ಟರೆ ನಾಳೆ ಪಕ್ಕದ ಬೋಟಿನವರು ಹಿಡಿಯುತ್ತಾರೆ ಎಂದು ಗೊತ್ತಿರುವಾಗ ಯಾರು ಬಿಡುತ್ತಾರೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಈ ತಡೆ ಇದೆ. ಅನೇಕ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಸಮುದ್ರವೂ ಒರಟಾಗಿರುತ್ತದೆ. ಒಂದೇ ರಾಜ್ಯ ನಿಲ್ಲಿಸಿದರೆ ಉಪಯೋಗ ಇಲ್ಲ, ಮಲ್ಪೆ, ಕಾರವಾರ, ವಾಸ್ಕೋ, ರತ್ನಾಗಿರಿ ಒಟ್ಟಿಗೆ ನಿಲ್ಲಬೇಕು. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ತಡೆ ಇಲ್ಲ.

ನಾನು ಉಡುಪಿ ಕಡೆಯವಳು. ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ರಂಪಣಿ ಬಲೆಯನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಎಳೆದವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿಗೆ ಮೀನೇ ಉಳಿಯಲಿಲ್ಲ. ನಿಮ್ಮ ಗೋವಾದಲ್ಲೂ ರಂಪಣಿ ಎಳೆಯುವ ರಾಂಪೊಣ್‌ಕಾರರು ಟ್ರಾಲರುಗಳ ವಿರುದ್ಧ ಆಗಲೇ ಬೀದಿಗಿಳಿದರು. 1980ರಲ್ಲಿ ಗೋವಾದ ಮೀನುಗಾರಿಕೆ ನಿಯಂತ್ರಣ ಕಾನೂನು ಬಂತು. ಪ್ರಖರ ಎಲ್‌ಇಡಿ ದೀಪ ಹಾಕಿ ಮೀನನ್ನು ಸೆಳೆದು ಬಾಚುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಾಗದದ ಮೇಲಿನ ನಿಷೇಧವನ್ನು ಕತ್ತಲೆಯ ಸಮುದ್ರದಲ್ಲಿ ಕಾಯುವವರು ಯಾರು ಎಂಬುದೇ ಕಷ್ಟ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ, ಎಲ್ಲರಿಗೂ ತೆರೆದ ಗೋಮಾಳ ಹಾಳಾಗಿಯೇ ಆಗುತ್ತದೆ ಎಂದು ಬರೆದರು. ಅದು ಪೂರ್ತಿ ನಿಜವಲ್ಲ ಎಂದು ಊರೂರಿನ ಉದಾಹರಣೆ ಇಟ್ಟು ತೋರಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು ಅವರು. ಅವರು ಬರೆದ ಟರ್ಕಿಯ ಅಲಾನ್ಯಾ ಊರಿನ ಕತೆ ನನಗೆ ಬಹಳ ಇಷ್ಟ. ಅಲ್ಲಿ ಮೀನುಗಾರರು ಪ್ರತಿ ಸೆಪ್ಟೆಂಬರಿನಲ್ಲಿ ಬಲೆ ಹಾಕುವ ಜಾಗಗಳ ಪಟ್ಟಿ ಮಾಡಿ ಚೀಟಿ ಎತ್ತುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜಾಗ. ಜನವರಿವರೆಗೆ ದಿನಾ ಎಲ್ಲರೂ ಒಂದೊಂದು ಜಾಗ ಪೂರ್ವಕ್ಕೆ ಸರಿಯಬೇಕು, ಆಮೇಲೆ ಪಶ್ಚಿಮಕ್ಕೆ. ಒಳ್ಳೆಯ ಜಾಗ ಎಲ್ಲರಿಗೂ ಸಿಗುತ್ತಿತ್ತು. ಕದ್ದು ಬಂದವರನ್ನು ಹಿಡಿಯುವುದು ಸುಲಭ, ಆ ದಿನ ಆ ಜಾಗದ ಹಕ್ಕುದಾರರೇ ಅಲ್ಲಿರುತ್ತಿದ್ದರಲ್ಲ! ಪೊಲೀಸರೇ ಬೇಕಾಗಲಿಲ್ಲ.

ನಿಮ್ಮ ಕೈಯಲ್ಲೂ ಒಂದು ಅಧಿಕಾರ ಇದೆ. ಬೆರಳುದ್ದದ ಮರಿ ಬಂಗುಡೆ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ನಾಲ್ಕು ಖಾನಾವಳಿಯವರು ಒಟ್ಟಾಗಿ ಬೇಡ ಅಂದರೆ ಮಾರುವವರಿಗೆ ತಟ್ಟುತ್ತದೆ. ಮಳೆಗಾಲದ ಎರಡು ತಿಂಗಳಿಗೆ ಮೇ ತಿಂಗಳಲ್ಲೇ ಒಣಮೀನು ತುಂಬಿಡಿ. ಒಣ ಸಿಗಡಿ ಚಟ್ನಿ, ಕುಚ್ಚಲಕ್ಕಿ ಗಂಜಿ ಇಟ್ಟರೆ ನಮ್ಮ ಕಡೆಯ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸಭಾಂಗಣ ತುಂಬುತ್ತದೆ. ಸದಸ್ಯತ್ವದ ಹಣ ಕೇಳಿದರೆ ಯಾರೂ ಇಲ್ಲ. ಸದಸ್ಯರಲ್ಲದವರನ್ನು ಒಳಗೆ ಬಿಡಬಾರದು ಎಂದು ಕೆಲವರು ಹೇಳುತ್ತಿದ್ದಾರೆ. ಏನು ಮಾಡೋಣ?
— ಥಾಣೆ

ಉತ್ತರ: ಬಾಗಿಲು ಹಾಕಬೇಡಿ. ಸಂಘ ಇರುವುದೇ ಕನ್ನಡದವರು ಬರಲಿ ಎಂದು. ಹಾಡನ್ನು ಇನ್ನೊಬ್ಬರು ಕೇಳಿದರೆ ನಿಮಗೆ ಕಡಿಮೆ ಆಗುವುದಿಲ್ಲ, ಹಾಡುವವರಿಗೂ ಖುಷಿ. ಊಟದ ವಿಷಯ ಬೇರೆ. ಒಬ್ಬರು ತಿಂದ ಹೋಳಿಗೆ ಇನ್ನೊಬ್ಬರಿಗೆ ಇಲ್ಲ. ಅದಕ್ಕೆ ಕೂಪನ್ ಇಡಿ, ಸದಸ್ಯರಿಗೆ ಕಡಿಮೆ ದರ ಮಾಡಿ. ಮಕ್ಕಳ ಕನ್ನಡ ತರಗತಿಯಲ್ಲೂ ಸದಸ್ಯರ ಮಕ್ಕಳಿಗೆ ಮೊದಲ ಸೀಟು.

ಮ್ಯಾನ್ಸರ್ ಓಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1965ರಲ್ಲೇ ಹೇಳಿದ ಮಾತು ಇದು: ಗುಂಪು ದೊಡ್ಡದಾದಷ್ಟೂ ಬೇರೆಯವರು ಕೊಡುತ್ತಾರೆ ಬಿಡಿ ಎಂದು ಕೂರುವವರು ಹೆಚ್ಚು. ಸದಸ್ಯರಿಗೆ ಮಾತ್ರ ಸಿಗುವ ಏನಾದರೂ ಇರಬೇಕು, ಗುಂಪೂ ಚಿಕ್ಕದಿರಬೇಕು. ನೀವು ಏರಿಯಾಗೆ ಮೂವತ್ತು ಮನೆಯಂತೆ ಭಾಗ ಮಾಡಿ, ಒಬ್ಬರಿಗೆ ಜವಾಬ್ದಾರಿ ಕೊಡಿ. ಮುಂಬೈ ಕನ್ನಡಿಗರು ಇದನ್ನು ಮಾಡಿ ತೋರಿಸಿದವರೇ. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಇಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಅಲ್ಲಿ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು ಎಷ್ಟೋ ಜನ. ಆ ಹುಡುಗರು ಕೊಡಲಾಗದ ಖರ್ಚನ್ನು ಯಾರೋ ಕೊಟ್ಟಿದ್ದರು.

ಇನ್ನೊಂದು ಕೆಲಸ ಮಾಡಿ. ಈ ಸಲದ ಆಮಂತ್ರಣ ಪತ್ರಿಕೆಯ ಹಿಂದೆ ಹೋದ ವರ್ಷದ ಲೆಕ್ಕ ಅಚ್ಚು ಹಾಕಿಸಿ: ಹಾಲ್ ಬಾಡಿಗೆ ಎಷ್ಟು, ಮೈಕಿಗೆ ಎಷ್ಟು, ಸದಸ್ಯತ್ವದಿಂದ ಬಂದದ್ದು ಎಷ್ಟು, ಕಮಿಟಿಯವರು ಕೈಯಿಂದ ಹಾಕಿದ್ದು ಎಷ್ಟು. ಸದಸ್ಯತ್ವದ ಫಾರಂ ವೇದಿಕೆಯಿಂದ ಹಂಚಬೇಡಿ. ಊಟದ ಕೂಪನ್ ಕೊಡುವ ಮೇಜಿನ ಮೇಲೆ ಪೆನ್ನಿನ ಜೊತೆ ಇಡಿ, ಅಲ್ಲಿ ಮಾತು ಬಲ್ಲ ಇಬ್ಬರು ಹೆಂಗಸರನ್ನು ಕೂರಿಸಿ.