ತಾರೆಗಳ ನಡುವಿನ ಸಮರ ಮತ್ತು ತಡವಾಗಿ ತಲುಪುವ ಸುದ್ದಿ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದಿವೆ. ನಕ್ಷತ್ರಲೋಕಗಳ ನಡುವಿನ ಯುದ್ಧ ಹಾಗೂ ರಾಜಕೀಯ ಒಳಸಂಚನ್ನು ಹೇಳುವ ಸ್ಪೇಸ್ ಆಪೆರಾ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ ಎಂಬುದೇ ಅವೆಲ್ಲದರ ವಿಷಯ.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಮೂರು ನಕ್ಷತ್ರರಾಜ್ಯಗಳ ನಡುವಿನ ಯುದ್ಧದ ಕಾದಂಬರಿಯೊಂದನ್ನು ಆರಂಭಿಸಿದ್ದೇನೆ. ಗಡಿಯ ಗ್ರಹದಲ್ಲಿ ದಂಗೆ ಎದ್ದ ಗಳಿಗೆಯಲ್ಲೇ ಚಕ್ರವರ್ತಿಯು ರಾಜಧಾನಿಯಿಂದ ಸೇನಾಪತಿಗೆ ಅಪ್ಪಣೆ ಕೊಡುತ್ತಾನೆ. ಹೀಗಾಗಲು ಸಾಧ್ಯವೇ ಇಲ್ಲ ಎಂದು ನನ್ನ ಅಣ್ಣ ವಾದಿಸುತ್ತಾನೆ. ಕಾದಂಬರಿಗೆ ಭೌತಶಾಸ್ತ್ರದ ಕಟ್ಟುಪಾಡು ಅಷ್ಟೊಂದು ಬೇಕೆ?
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನಿಮ್ಮ ಅಣ್ಣ ಹೇಳುವುದು ಸರಿ. ಆದರೆ ಅದನ್ನು ಕಟ್ಟುಪಾಡೆಂದು ಭಾವಿಸಿ ಬೇಸರಪಟ್ಟುಕೊಳ್ಳಬೇಡಿ, ಏಕೆಂದರೆ ನಿಮ್ಮ ಕಥೆಯ ಒಳಸಂಚಿಗೆ ಬೇಕಾದ ಬಂಡವಾಳವೆಲ್ಲ ಇರುವುದು ಅಲ್ಲಿಯೇ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಕ್ರಮಿಸುತ್ತದೆ. ಯಾವ ಸುದ್ದಿಯೂ, ಯಾವ ಅಪ್ಪಣೆಯೂ ಅದಕ್ಕಿಂತ ಬೇಗ ಹೋಗಲಾರದು. ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ). 1977ರಲ್ಲಿ ಹೊರಟ ವಾಯೇಜರ್ 1 ಗಗನನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದೇ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಹೋಗಲು ಸುಮಾರು 75,000 ವರ್ಷ ಹಿಡಿಯುತ್ತದೆ.

ಈಗ ನಿಮ್ಮ ರಾಜಧಾನಿಗೂ ಗಡಿಯ ಗ್ರಹಕ್ಕೂ 10 ಜ್ಯೋತಿರ್ವರ್ಷ ಅಂತರವಿದೆ ಎಂದಿಟ್ಟುಕೊಳ್ಳಿ. ಚಕ್ರವರ್ತಿಯ ರಾಯಭಾರಿಯೊಬ್ಬಳು ಬೆಳಕಿನ ವೇಗದ ಶೇಕಡಾ 99ರಷ್ಟು ವೇಗದ ನೌಕೆಯಲ್ಲಿ ಹೊರಡುತ್ತಾಳೆ. ರಾಜಧಾನಿಯವರ ಲೆಕ್ಕದಲ್ಲಿ ಅವಳ ಪ್ರಯಾಣಕ್ಕೆ 10 ವರ್ಷ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಬೆಳಕಿನ ಸಮೀಪದ ವೇಗದಲ್ಲಿ ಹೋಗುವವರಿಗೆ ಕಾಲ ನಿಧಾನವಾಗಿ ಸಾಗುತ್ತದೆ ಎನ್ನುವ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ನೌಕೆಯೊಳಗಿನ ಗಡಿಯಾರದಲ್ಲಿ ಕಳೆಯುವುದು ಸುಮಾರು 17 ತಿಂಗಳು ಮಾತ್ರ. ಅವಳು ಹೊರಟ ದಿನವೇ ಅರಮನೆಯಲ್ಲಿರುವ ಒಬ್ಬ ದ್ರೋಹಿಯು ಗಡಿಯ ಬಂಡುಕೋರರಿಗೆ ರೇಡಿಯೋ ಸಂದೇಶ ಕಳಿಸಿದರೆ ಅದು ಅವಳಿಗಿಂತ ಸುಮಾರು 37 ದಿನ ಮೊದಲು ತಲುಪುತ್ತದೆ. ಆ 37 ದಿನಗಳನ್ನು ಒಮ್ಮೆ ಯೋಚಿಸಿ ನೋಡಿ. ಬಂಡುಕೋರರು ಅವಳ ಸ್ವಾಗತಕ್ಕೆ ತೋರಣ ಕಟ್ಟಬೇಕೋ ಅಥವಾ ಬಂದರಿನಲ್ಲೇ ಅವಳನ್ನು ಮುಗಿಸಬೇಕೋ ಎಂದು ತೀರ್ಮಾನಿಸಲು ಅವರಿಗಿರುವ ಕಾಲಾವಕಾಶ ಅಷ್ಟೇ. ಅವಳ ಕೈಯಲ್ಲಿರುವ ಮೊಹರು ಮಾಡಿದ ಪತ್ರವಾದರೋ 10 ವರ್ಷ ಹಳೆಯದು. ಅದಕ್ಕೆ ಸಹಿ ಹಾಕಿದ ಚಕ್ರವರ್ತಿ ಈಗ ಬದುಕಿದ್ದಾನೆಯೇ ಎಂಬುದು ಅವಳಿಗೂ ಗೊತ್ತಿಲ್ಲ, ಬಂಡುಕೋರರಿಗೂ ಗೊತ್ತಿಲ್ಲ. ಇಂಥ ಇಕ್ಕಟ್ಟನ್ನು ಬಿಟ್ಟು ಗಳಿಗೆಯಲ್ಲಿ ಮುಟ್ಟುವ ಅಪ್ಪಣೆಯನ್ನು ನೀವು ಏಕೆ ಬಯಸುತ್ತೀರಿ?

ಬೆಳಕನ್ನು ಮೀರಿಸುವ ನೌಕೆ ಬೇಕೇ ಬೇಕು ಎನಿಸಿದರೆ ಇಟ್ಟುಕೊಳ್ಳಿ, ಈ ಪ್ರಕಾರದ ಓದುಗರು ಅದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಆದರೆ ಅದಕ್ಕೊಂದು ಬೆಲೆಯನ್ನೂ ಮಿತಿಯನ್ನೂ ಮೊದಲ ಅಧ್ಯಾಯದಲ್ಲೇ ಗೊತ್ತುಮಾಡಿ, ಕೊನೆಯವರೆಗೂ ಅದನ್ನು ಮುರಿಯಬೇಡಿ. ನೌಕೆ ಮಾತ್ರ ಬೇಗ ಹೋಗಬಲ್ಲದು, ಸಂದೇಶ ಹೋಗಲಾರದು ಎಂದು ಇಟ್ಟುಕೊಂಡರೆ ಹಳೆಯ ಕಾಲದಲ್ಲಿ ಸುದ್ದಿ ಒಯ್ಯುತ್ತಿದ್ದ ಹರಿಕಾರರು ನಿಮ್ಮ ಕಾದಂಬರಿಗೆ ಮರಳಿ ಬರುತ್ತಾರೆ, ಹರಿಕಾರನನ್ನು ಕೊಂಡುಕೊಳ್ಳುವವರೂ ಬರುತ್ತಾರೆ. ಬರೆಯುವ ಮುನ್ನ ಒಂದು ದೊಡ್ಡ ಹಾಳೆಯಲ್ಲಿ ಒಂದೊಂದು ಲೋಕಕ್ಕೆ ಒಂದೊಂದು ಕಂಬಸಾಲು ಎಳೆದು, ಯಾವ ಘಟನೆಯ ಸುದ್ದಿ ಯಾವ ಲೋಕಕ್ಕೆ ಯಾವ ವರ್ಷ ಮುಟ್ಟುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಯಾರಿಗೆ ಏನು ಗೊತ್ತಿಲ್ಲ ಎಂಬುದು ಆ ಹಾಳೆಯಲ್ಲಿ ಕಣ್ಣಿಗೆ ಕಂಡರೆ ಅರ್ಧ ಕಾದಂಬರಿ ಸಿದ್ಧವಾದಂತೆಯೇ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತೇನೆ. ನಮ್ಮ ದುರ್ಗದ ಕಥೆಯನ್ನು ನಕ್ಷತ್ರಲೋಕಕ್ಕೆ ಒಯ್ದು ಬರೆಯಬೇಕೆಂಬ ಆಸೆಯಿದೆ. ಓಬವ್ವನಂಥ ವೀರಳನ್ನು ಗಗನನೌಕೆಯ ಕಿಂಡಿಯ ಬಳಿ ನಿಲ್ಲಿಸಬಹುದೇ?
(ಶಿಕ್ಷಕರು, ಚಿತ್ರದುರ್ಗ)

ಉತ್ತರ: ಮಾನ್ಯರೇ, ನಿಲ್ಲಿಸಬಹುದು, ಆದರೆ ಅಷ್ಟಕ್ಕೇ ತೃಪ್ತರಾಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒನಕೆಯ ಜಾಗದಲ್ಲಿ ಲೇಸರ್ ಕೊಟ್ಟರೆ ಓದುಗನಿಗೆ ಗೊತ್ತಿದ್ದ ಕಥೆಯೇ ಮತ್ತೆ ಸಿಗುತ್ತದೆ. ದುರ್ಗದ ಇತಿಹಾಸದಲ್ಲಿ ಸ್ಪೇಸ್ ಆಪೆರಾಕ್ಕೆ ಹೇಳಿ ಮಾಡಿಸಿದ್ದು ಅದರ ರಾಜಕಾರಣ. 1565ರ ಯುದ್ಧದ ನಂತರ ವಿಜಯನಗರವೆಂಬ ಕೇಂದ್ರ ಕುಸಿಯಿತು. ಅದರ ಅಧೀನದಲ್ಲಿದ್ದ ಪಾಳೆಯಗಾರರು ಒಬ್ಬೊಬ್ಬರೇ ಸ್ವತಂತ್ರರಾದರು. ದುರ್ಗದ ನಾಯಕರು ಬಿದನೂರು, ಹರಪನಹಳ್ಳಿ, ರಾಯದುರ್ಗಗಳ ನಡುವೆ, ಆಮೇಲೆ ಮರಾಠರು ಮತ್ತು ಮೈಸೂರಿನ ನಡುವೆ ಒಮ್ಮೆ ಸ್ನೇಹ ಒಮ್ಮೆ ಹಗೆ ಎಂದು ತೂಗಿಸಿಕೊಂಡು ಬಂದರು. ಕೇಂದ್ರ ಬಿದ್ದ ಮೇಲೆ ಅಂಚಿನ ಲೋಕಗಳು ಹೇಗೆ ಬದುಕುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಿಮಗೆ ಹೊರಗೆಲ್ಲೂ ಸಿಗುವುದಿಲ್ಲ.

ನಿಮಗೆ ಗೊತ್ತಿರುವ ಎರಡು ಪ್ರಸಂಗಗಳನ್ನೇ ನೆನಪಿಸುತ್ತೇನೆ. ಬಿದನೂರಿನ ಗದ್ದುಗೆಯ ಹಕ್ಕುದಾರ ತಾನೇ, ಸತ್ತನೆಂದು ಎಲ್ಲರೂ ನಂಬಿದ್ದ ಅರಸು ತಾನೇ ಎಂದು ಹೇಳಿಕೊಂಡ ಯುವಕನೊಬ್ಬನು ದುರ್ಗದ ನಾಯಕನ ಆಶ್ರಯದಲ್ಲಿದ್ದು, ಅವನ ಮೂಲಕವೇ ಹೈದರ್ ಅಲಿಯ ಬಳಿ ಸೇರಿದನು. ಅವನಿಗೆ ಪಟ್ಟ ಕೊಡಿಸುವ ನೆಪ ಮುಂದಿಟ್ಟುಕೊಂಡು ಹೈದರನು 1763ರಲ್ಲಿ ಬಿದನೂರನ್ನು ಗೆದ್ದನು. ಕೊನೆಗೆ ಬಿದನೂರನ್ನು ಆಳುತ್ತಿದ್ದ ರಾಣಿ ವೀರಮ್ಮಾಜಿಯ ಜೊತೆಗೆ ಆ ಹಕ್ಕುದಾರನನ್ನೂ ಮಧುಗಿರಿಯ ಸೆರೆಗೆ ಕಳಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಆ ಯುವಕ ನಿಜವಾದ ಅರಸನೋ, ಯಾರೋ ತಯಾರು ಮಾಡಿದ ಗೊಂಬೆಯೋ? ಅವನನ್ನು ಹತ್ತು ಜ್ಯೋತಿರ್ವರ್ಷ ಆಚೆಯ ಲೋಕದವನನ್ನಾಗಿ ಮಾಡಿ. ಅವನ ಗುರುತನ್ನು ಖಚಿತಪಡಿಸಿಕೊಳ್ಳಲು ಹೋಗಿ ಬರುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದು, ಅವನ ಹೆಸರಿನಲ್ಲಿ ಹೂಡಿದ ಯುದ್ಧವೇ ಮುಗಿದಿರುತ್ತದೆ.

ಎರಡನೆಯದು ಮದಕರಿ ನಾಯಕನ ಕೊನೆಯ ವರ್ಷಗಳು. 1777ರಲ್ಲಿ ಮರಾಠರೂ ನಿಜಾಮನೂ ಒಟ್ಟಾಗಿ ಹೈದರನ ಮೇಲೆ ಬರುವ ಸನ್ನಾಹದಲ್ಲಿದ್ದಾಗ ಹೈದರನು ದುರ್ಗಕ್ಕೆ ಮುತ್ತಿಗೆ ಹಾಕಿದನು. ತಿಂಗಳುಗಟ್ಟಲೆ ಕಾದರೂ ಕೋಟೆ ಬೀಳಲಿಲ್ಲ, ಕಡೆಗೆ ಭಾರಿ ದಂಡದ ಮೇಲೆ ಒಪ್ಪಂದವಾಯಿತು. ಅದಾದ ಬಳಿಕ ಮರಾಠರ ವಿರುದ್ಧ ಸೇನೆ ಸಮೇತ ಬರಬೇಕೆಂದು ಕರೆ ಬಂದಾಗ ನಾಯಕನು ಹೋಗದೆ, ಯಾರು ಗೆಲ್ಲುತ್ತಾರೆಂದು ಕಾದು ನೋಡಿದನು. ಗೆದ್ದವನು ಹೈದರ್. 1779ರಲ್ಲಿ ಅವನು ಮರಳಿ ಬಂದಾಗ ಏಳು ಸುತ್ತಿನ ಕೋಟೆ ಒಳಗಿನವರ ದ್ರೋಹದಿಂದ ಕೈತಪ್ಪಿತು, ನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ನನ್ನ ಮಟ್ಟಿಗೆ ಈ ಕಥೆಯ ಹೃದಯ ಇರುವುದು ಎರಡು ಮುತ್ತಿಗೆಗಳ ನಡುವಿನ ಆ ಕಾಯುವಿಕೆಯಲ್ಲಿ. ಎರಡು ಬಲಾಢ್ಯರ ನಡುವೆ ಸಿಕ್ಕಿದ ಸಣ್ಣ ರಾಜ್ಯದ ಒಡೆಯನೊಬ್ಬನು ಬತೇರಿಯ ಮೇಲೆ ನಿಂತು, ಯಾವ ದಿಕ್ಕಿನಿಂದ ಯಾವ ಹರಿಕಾರ ಏನು ಸುದ್ದಿ ತರುತ್ತಾನೋ ಎಂದು ದಾರಿ ನೋಡುವ ಅಧ್ಯಾಯವನ್ನು ನೀವು ಬರೆಯಬೇಕು. ತಪ್ಪು ಅವನದೇ ಎಂದು ತೀರ್ಪು ಕೊಡುವ ಆತುರ ಬೇಡ. ಅಂದು ಅವನಿಗೆ ತಿಳಿದಿದ್ದಷ್ಟನ್ನೇ ಓದುಗನಿಗೂ ತಿಳಿಸಿ.

ಪ್ರಶ್ನೆ: ನಮ್ಮೂರ ಬಳಿ ಇಸ್ರೋ ರೆಕ್ಕೆಯ ನೌಕೆಯನ್ನು ಇಳಿಸಿತಲ್ಲ, ಅದು ಇಂಥ ಕಾದಂಬರಿಗೆ ಉಪಯೋಗಕ್ಕೆ ಬರುತ್ತದೆಯೇ?
(ಓದುಗರು, ಚಳ್ಳಕೆರೆ)

ಉತ್ತರ: ಖಂಡಿತ ಬರುತ್ತದೆ. ಚಳ್ಳಕೆರೆ ಬಳಿಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಈ ಪ್ರಯೋಗಗಳು ನಡೆದವು. ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟ ಪುಷ್ಪಕ್ ನೌಕೆಯು ಚಾಲಕನಿಲ್ಲದೆ ತಾನೇ ದಾರಿ ಸರಿಪಡಿಸಿಕೊಂಡು ರನ್‌ವೇಗೆ ಬಂದಿಳಿಯಿತು. ಮೂರನೆಯ ಪ್ರಯೋಗದಲ್ಲಿ ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚಿತ್ತು. ಪ್ರಯಾಣಿಕರ ವಿಮಾನ ಇಳಿಯುವ ವೇಗ ಸುಮಾರು 260. ಆಮೇಲೆ ಬ್ರೇಕ್ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ನೂರರ ಆಸುಪಾಸಿಗೆ ತಂದ ಮೇಲೆಯೇ ಚಕ್ರದ ಬ್ರೇಕುಗಳು ಕೆಲಸ ಆರಂಭಿಸಿದವು. ನೌಕೆ ಇಳಿಯುವ ದೃಶ್ಯ ಬರೆಯುವಾಗ ಈ ಕ್ರಮವನ್ನು ನೆನಪಿನಲ್ಲಿಡಿ, ‘ನೌಕೆ ಮೆಲ್ಲನೆ ಇಳಿಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಪ್ರಶ್ನೆ: ಶತ್ರುಗಳ ಕಣ್ಣಿಗೆ ಬೀಳದೆ ಕತ್ತಲಲ್ಲಿ ಅಡಗಿ ಬರುವ ನೌಕೆ ಮತ್ತು ಆಕಾಶದಲ್ಲಿ ಮೊಳಗುವ ಸ್ಫೋಟ, ಇವೆರಡನ್ನೂ ಇಟ್ಟುಕೊಳ್ಳಬಹುದೇ?
(ಓದುಗರು, ಹರಿಹರ)

ಉತ್ತರ: ಶೂನ್ಯದಲ್ಲಿ ಸದ್ದು ಹರಡುವುದಿಲ್ಲ. ಸ್ಫೋಟವನ್ನು ನೌಕೆಯ ಒಳಗಿನವರು ಗೋಡೆಯ ಅದುರುವಿಕೆಯಿಂದ ಅರಿಯಲಿ. ಅಡಗುವುದು ಇನ್ನೂ ಕಷ್ಟ. ಮನುಷ್ಯರು ಬದುಕಬೇಕಾದರೆ ನೌಕೆಯೊಳಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಸುತ್ತಲಿನ ಆಕಾಶವಾದರೋ ಮೈನಸ್ 270 ಡಿಗ್ರಿ. ಆ ತಣ್ಣನೆಯ ಹಿನ್ನೆಲೆಯಲ್ಲಿ ನೌಕೆ ಹೊರಸೂಸುವ ಅವಗೆಂಪು ಕಿರಣಗಳು, ಅಂದರೆ ಶಾಖದ ಕಿರಣಗಳು, ಬಹಳ ದೂರಕ್ಕೆ ಕಾಣುತ್ತವೆ, ಎಂಜಿನ್ ಉರಿಸಿದರಂತೂ ಕೇಳುವುದೇ ಬೇಡ. ಹಾಗಾಗಿ ನೌಕೆಯನ್ನು ಅಡಗಿಸುವ ಬದಲು ಅದರ ಉದ್ದೇಶವನ್ನು ಅಡಗಿಸಿ. ಎಲ್ಲರಿಗೂ ಕಾಣುವಂತೆ ಬರುತ್ತಿರುವ ಧಾನ್ಯದ ನೌಕೆಯಲ್ಲಿ ಸೈನಿಕರಿರಲಿ, ಅದಕ್ಕೆ ಬಂದರಿನ ಬಾಗಿಲು ತೆರೆಯುವ ಅಧಿಕಾರಿ ಮೊದಲೇ ಲಂಚ ತಿಂದಿರಲಿ. ಅವನು ಏಕೆ ತಿಂದ, ಅವನ ಮನೆಯಲ್ಲಿ ಯಾರಿದ್ದಾರೆ, ಅವನಿಗೆ ಯಾರ ಮೇಲೆ ಸಿಟ್ಟು ಎಂಬುದನ್ನು ಬಾಗಿಲು ತೆರೆಯುವ ಮೊದಲೇ ಓದುಗನಿಗೆ ತಿಳಿಸಿಬಿಡಿ.